ಬಾಟಲಿಯಲ್ಲಿ ಅಳೆದ ಮಳೆ

ಕೇಳುಗರಿಗೆ ನಮಸ್ಕಾರ.

ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಅಂದ ಕೂಡಲೇ ಮನೆಯಲ್ಲಿ ಗಡಿಬಿಡಿ ಶುರುವಾಗುತ್ತದೆ, ಅಲ್ವಾ? ಥರ್ಮಾಕೋಲ್ ತರಬೇಕು, ಬಣ್ಣ ತರಬೇಕು, ರಾತ್ರಿ ಹನ್ನೊಂದರವರೆಗೆ ಅಪ್ಪ ಅಮ್ಮ ಕೂತು ಅಂಟಿಸಬೇಕು. ಒಂದು ದಿನ ಮೇಜಿನ ಮೇಲೆ, ಮಾರನೇ ದಿನ ಅಟ್ಟದ ಮೇಲೆ. ನೋಡಿದರೆ ಸಂಕಟವಾಗುತ್ತದೆ. ಹವಾಮಾನ ಅಳೆಯುವ ಉಪಕರಣಗಳನ್ನಾದರೂ ಹೀಗೆ ಮಾಡಿಸಬೇಡಿ. ಅವನ್ನು ದಿನಾ ನೋಡಬೇಕು, ನೋಡಿದ್ದನ್ನು ಬರೆದಿಡಬೇಕು.

ಮಳೆಮಾಪಕದಿಂದ ಶುರು ಮಾಡಿ. ಎರಡು ಲೀಟರಿನ ಖಾಲಿ ಬಾಟಲಿ ಸಾಕು. ಆದರೆ ಅದರ ಮೈ ನೆಟ್ಟಗಿರಬೇಕು, ನಡು ಸಣ್ಣಗಿದ್ದರೆ ಲೆಕ್ಕ ತಪ್ಪುತ್ತದೆ. ಮೇಲಿನ ಭಾಗ ಕತ್ತರಿಸಿ ಬೋರಲಾಗಿ ಅದರೊಳಗೇ ಕೂರಿಸಿದರೆ ಲಾಳಿಕೆ ಆಯಿತು. ತಳ ಉಬ್ಬುತಗ್ಗಾಗಿರುತ್ತದೆ, ಅದಕ್ಕೆ ಸ್ವಲ್ಪ ಜಲ್ಲಿ ಹಾಕಿ ಮೇಲೆ ಒಂದು ಗೆರೆಯವರೆಗೆ ನೀರು ತುಂಬಿ. ಆ ಗೆರೆಯೇ ಸೊನ್ನೆ, ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಬಿಸಿಲಿಗೆ ನೀರು ಆರಿ ಸೊನ್ನೆ ಕೆಳಗಿಳಿಯುತ್ತದೆ, ದಿನಾ ಸರಿಮಾಡಬೇಕು. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಇದನ್ನು ಮಕ್ಕಳಿಗೆ ಅಂಗಳದಲ್ಲೇ ಒಂದು ಬಕೆಟ್ ನೀರು ಸುರಿದು ತೋರಿಸಿ.

ನಾನು ನೋಡಿದ ಒಬ್ಬ ಹುಡುಗಿ ಮಾಪಕವನ್ನು ಸೂರಿನ ಪಕ್ಕ ಇಟ್ಟಿದ್ದಳು. ಎಲ್ಲರಿಗಿಂತ ಜಾಸ್ತಿ ಮಳೆ ಅವಳದೇ! ಹೆಂಚಿನ ನೀರೂ ಅದರೊಳಗೆ ಬೀಳುತ್ತಿತ್ತು. ಮನೆ, ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರದಲ್ಲಿ ಇಡಬೇಕು ಅಂತ ಹೇಳಿದ ಮೇಲೆ, ಅವಳೇ ಹೆಜ್ಜೆ ಹಾಕಿ ಅಳೆದು, ಕಾಫಿ ಒಣಗಿಸುವ ಕಣದ ನಡುವೆ ಇಟ್ಟಳು. ಬೆಳಿಗ್ಗೆ ಎಂಟೂವರೆಗೆ ನೋಡಬೇಕು, ನಮ್ಮ ಹವಾಮಾನ ಇಲಾಖೆಯೂ ದಿನದ ಮಳೆಯನ್ನು ಎಂಟೂವರೆಯಿಂದ ಎಂಟೂವರೆಗೆ ಲೆಕ್ಕ ಹಾಕುತ್ತದೆ. ಮಳೆ ಬಾರದ ದಿನ ಸೊನ್ನೆ ಬರೆಯಬೇಕು. ಸುಮ್ನೆ ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ನಾವು ನೋಡಲಿಲ್ಲವೋ, ಆಮೇಲೆ ಗೊತ್ತಾಗುವುದಿಲ್ಲ.

ಇನ್ನು ಬಲೂನಿನ ವಾಯುಭಾರಮಾಪಕ, ಅಂದರೆ ಗಾಳಿಯ ಒತ್ತಡ ಅಳೆಯುವ ಉಪಕರಣ. ಗಾಜಿನ ಬಾಟಲಿಯ ಬಾಯಿಗೆ ಬಲೂನಿನ ರಬ್ಬರ್ ಎಳೆದು ಕಟ್ಟಿ, ಅದರ ನಡುವಿಗೆ ಒಂದು ಸ್ಟ್ರಾವನ್ನು ಅಡ್ಡಲಾಗಿ, ಇನ್ನೊಂದು ತುದಿ ಬಾಟಲಿಯ ಅಂಚು ದಾಟಿ ಹೊರಗೆ ಚಾಚುವಂತೆ ಅಂಟಿಸುತ್ತಾರೆ. ಹೊರಗೆ ಒತ್ತಡ ಕಡಿಮೆಯಾದರೆ ರಬ್ಬರ್ ಉಬ್ಬಿ ಸ್ಟ್ರಾದ ಹೊರಗಿನ ತುದಿ ಕೆಳಗಿಳಿಯಬೇಕು. ಒಂದು ಶಾಲೆಯ ಮಕ್ಕಳು ಅದನ್ನು ಕಿಟಕಿಯ ಬಳಿ ಇಟ್ಟಿದ್ದರು. ಮಧ್ಯಾಹ್ನವಾದರೆ ಸಾಕು, ತುದಿ ಕೆಳಗೆ. ಒತ್ತಡ ಇಳಿದಿದೆ, ಮಳೆ ಬರುತ್ತೆ ಅಂತ ದಿನಾ ಕಾದರು, ಬರಲಿಲ್ಲ. ಕೊನೆಗೆ ಒಬ್ಬ ಹುಡುಗ ಬಾಟಲಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತ. ನೋಡನೋಡುತ್ತಿದ್ದಂತೆ ತುದಿ ಇಳಿಯಿತು. "ಸಾರ್, ಇದು ಬಿಸಿ ತೋರಿಸ್ತಾ ಇದೆ!" ಅಂದ. ಸರಿಯಾಗಿಯೇ ಹೇಳಿದ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತಿತ್ತು. ಅವತ್ತಿನಿಂದ ಅದು ಬಿಸಿಲು ಬೀಳದ ಕೋಣೆಯ ಮೂಲೆಗೆ ಹೋಯಿತು, ಪಕ್ಕದಲ್ಲಿ ಒಂದು ಥರ್ಮಾಮೀಟರ್ ಕೂಡ ಬಂತು. ಪ್ರದರ್ಶನದಲ್ಲಿ ಬಹುಮಾನ ಕೊಡುವುದಿದ್ದರೆ ಇಂಥದಕ್ಕೆ ಕೊಡಿ ಅನ್ನುತ್ತೇನೆ ನಾನು.

ಗಾಳಿಯ ವೇಗಕ್ಕೆ ನಾಲ್ಕು ಪೇಪರ್ ಕಪ್, ಎರಡು ಕಡ್ಡಿ, ಒಂದು ಗುಂಡುಸೂಜಿ. ಒಂದು ಕಪ್‌ಗೆ ಬಣ್ಣ ಬಳಿದರೆ ಎಷ್ಟು ಸುತ್ತು ತಿರುಗಿತು ಅಂತ ಎಣಿಸುವುದು ಸುಲಭ.

ಮತ್ತೆ ಆ ಕಣದ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳ ಅಜ್ಜ ಕಾಫಿ ಬೆಳೆಗಾರರು. ಅವರದೂ ಒಂದು ಮಳೆ ಪುಸ್ತಕ ಇದೆ, ಆದರೆ ಲೆಕ್ಕ ಇಂಚು, ಸೆಂಟ್‌ಗಳಲ್ಲಿ. ಒಂದು ಇಂಚಿಗೆ ನೂರು ಸೆಂಟ್. ಕಾಫಿ ಸೀಮೆಯಲ್ಲಿ ಇವತ್ತಿಗೂ ಹಾಗೇ ಮಾತಾಡುತ್ತಾರೆ. ಮಾರ್ಚ್‌ನಲ್ಲಿ, ಸಾಲು ಸಾಲು ಸೊನ್ನೆ ಬರೆದ ಮೇಲೆ, ಒಂದು ರಾತ್ರಿ ಹೂಮಳೆ ಬಂತು. ಕಾಫಿ ಹೂ ಚೆನ್ನಾಗಿ ಅರಳಬೇಕಾದರೆ ಹೆಚ್ಚುಕಡಿಮೆ ಒಂದಿಂಚು ಬೇಕು, ಬರೀ ಹನಿ ಉದುರಿಸಿ ಹೋದರೆ ಮೊಗ್ಗು ಕೆಡುತ್ತದೆ. ಬೆಳಿಗ್ಗೆ ಅಜ್ಜ ತಮ್ಮ ಮಾಪಕ ನೋಡಿ ಒಂದು ಇಂಚು ಹತ್ತು ಸೆಂಟ್ ಅಂದರು.

"ನಿನ್ನ ಬಾಟ್ಲಿಯಲ್ಲಿ ಎಷ್ಟು ಮಗಾ?"

"ಇಪ್ಪತ್ತೇಳು ಮಿಲಿಮೀಟರ್, ಅಜ್ಜ."

ಒಂದು ಇಂಚು ಅಂದರೆ 25.4 ಮಿಲಿಮೀಟರ್, ಇಬ್ಬರೂ ಜಗಲಿಯಲ್ಲಿ ಕೂತು ಅಜ್ಜನ ಅಂಕಿಯನ್ನು ಅದರಿಂದ ಗುಣಿಸಿದರು. ಅಜ್ಜನ ಲೆಕ್ಕ 28ಕ್ಕೆ ಒಂದು ಕೂದಲೆಳೆ ಕಡಿಮೆ. ಅಜ್ಜ ತಮ್ಮ ಪುಸ್ತಕದಲ್ಲಿ ಅವಳ ಅಂಕಿಯನ್ನೂ ಪಕ್ಕಕ್ಕೆ ಬರೆದುಕೊಂಡರು. ತೋಟಕ್ಕೆ ಸ್ಪ್ರಿಂಕ್ಲರ್ ಪೈಪ್ ಎಳೆಯುವುದು ಬೇಡ ಅಂತ ಆಳುಗಳಿಗೆ ಹೇಳಿ ಕಳಿಸಿದರು.

ನಮಸ್ಕಾರ.