ಒಂದು ಮನೆ ಜರುಗಿಸಿ, ಕಳೆಯಿರಿ

(ಮಡಿಕೇರಿಯ ಕಾಲೇಜೊಂದರ ಗಣಿತ ಸಂಘದಲ್ಲಿ ಕೊಟ್ಟ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆಯಾ? ಕಕ್ಕಡ ತಿಂಗಳ ಮಳೆ ಈ ಶೀಟಿನ ಮೇಲೆ ಬೀಳುವಾಗ ಮೈಕ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೇಳಿಸದವರು ಮುಂದೆ ಬನ್ನಿ. ಮುಂದಿನ ಸಾಲು ಯಾವಾಗಲೂ ಖಾಲಿ ಇರುತ್ತದೆ, ಅದು ಎಲ್ಲ ಕಾಲೇಜಿನ ನಿಯಮ.

ಗಣಿತ ಸಂಘದ ಉಪನ್ಯಾಸಕ್ಕೆ ಇಷ್ಟು ಜನ ಸೇರಿದ್ದನ್ನು ನಾನು ನೋಡಿಲ್ಲ. ಬೋರ್ಡಿನಲ್ಲಿ ‘ಮಾತೃಕೆ ಮತ್ತು ಮದ್ಯ’ ಎಂದು ಬರೆದಿದ್ದೀರಿ. ಮಾತೃಕೆ ಅಂದರೆ ಮ್ಯಾಟ್ರಿಕ್ಸ್, ಸಂಖ್ಯೆಗಳ ಕೋಷ್ಟಕ. ಮಾತೃಕೆಗೆ ಬಂದವರು ಕೈ ಎತ್ತಿ. ನಾಲ್ಕು. ಒಳ್ಳೆಯದು. ಉಳಿದವರು ಇನ್ನೊಂದು ಪದಕ್ಕೆ ಬಂದಿದ್ದೀರಿ. ಕುಡಿಯಲು ಏನೂ ಸಿಗುವುದಿಲ್ಲ, ಕೊನೆಯಲ್ಲಿ ಕಾಫಿ ಇದೆ.

ಈ ವಿಷಯ ಯಾಕೆ ಅಂದರೆ, ಮೇ ತಿಂಗಳಲ್ಲಿ ಒಂದು ಮದುವೆ ಮನೆಯಲ್ಲಿ ಇಬ್ಬರು ಹಿರಿಯರು ಜಗಳಕ್ಕೆ ಬಿದ್ದರು. ಒಬ್ಬರು, ‘ಜಿಲ್ಲೆಯ ಬಾರ್ ಎಲ್ಲ ಮುಚ್ಚಿಸಬೇಕು, ತೋಟದ ಕೂಲಿಯವರ ಲೈನ್ ಮನೆಗಳು ಹಾಳಾಗಿ ಹೋದವು’ ಅಂದರು. ಇನ್ನೊಬ್ಬರು, ‘ಮುಚ್ಚಿದರೆ ಕದ್ದು ಕುಡಿಯುತ್ತಾರೆ, ಇನ್ನೂ ಜಾಸ್ತಿ ಕುಡಿಯುತ್ತಾರೆ’ ಅಂದರು. ಇಬ್ಬರ ಕೈಯಲ್ಲೂ ಗ್ಲಾಸ್ ಇತ್ತು, ಅದು ಬೇರೆ ಮಾತು. ಇಬ್ಬರ ಹತ್ತಿರವೂ ಒಂದೊಂದು ಉದಾಹರಣೆ ಇತ್ತು. ಒಂದು ಉದಾಹರಣೆ ಹಿಡಿದುಕೊಂಡು ನಾವು ಎಷ್ಟು ದೂರ ಹೋಗುತ್ತೇವೆ ನೋಡಿ! ಊಟ ಮುಗಿದರೂ ಜಗಳ ಮುಗಿಯಲಿಲ್ಲ. ನನಗೆ ನಮ್ಮ ಅಜ್ಜನ ಮಳೆ ಪುಸ್ತಕ ನೆನಪಾಯಿತು.

ಅದನ್ನು ತಂದಿದ್ದೇನೆ. ಇಲ್ಲಿ ಮೇಜಿನ ಮೇಲಿದೆ.

ಮಳೆ ಪುಸ್ತಕ ಅಂದರೆ ಏನು ಅಂತ ಈ ಸಭೆಗೆ ವಿವರಿಸಬೇಕಾಗಿಲ್ಲ. ಕಣದ ಮೂಲೆಯಲ್ಲಿ ಮಳೆ ಅಳೆಯುವ ಡಬ್ಬಿ. ಬೆಳಿಗ್ಗೆ ಎದ್ದು ಮೊದಲು ಅದನ್ನು ನೋಡಬೇಕು, ಆಮೇಲೆ ಕಾಫಿ. ಸರ್ಕಾರ ಮಿಲಿಮೀಟರ್ ಅಂದರೂ ನಮ್ಮ ತೋಟಗಳಲ್ಲಿ ಇನ್ನೂ ಇಂಚು, ಸೆಂಟ್. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್. ‘ಹೂಮಳೆ ಎಷ್ಟಾಯಿತು?’ ‘ಎಂಬತ್ತು ಸೆಂಟ್.’ ಅಜ್ಜ ಅದನ್ನೇ ಬರೆಯುತ್ತಿದ್ದರು. ಆದರೆ ಅವರ ಪುಸ್ತಕದಲ್ಲಿ ಇನ್ನೂ ಎರಡು ಸಾಲು ಇವೆ. ಮಳೆಯ ಪಕ್ಕದಲ್ಲಿ ಪೆನ್ಸಿಲ್ ಗೀಟು. ಒಂದು ಗೀಟು ಒಂದು ಪೆಗ್. ಅದರ ಪಕ್ಕ, ಆ ದಿನ ಎಲ್ಲಿಗೆ ಹೋದರು ಎಂಬ ಒಂದು ಪದ. ಗದ್ದೆ. ಸಂತೆ. ಬಾಣೆ, ಅಂದರೆ ಗದ್ದೆಗೆ ಸೇರಿದ ಕಾಡುಜಾಗ. ಅಷ್ಟೇ. ಅಜ್ಜ ಸುಳ್ಳು ಬರೆಯುವವರಲ್ಲ. ನಾಲ್ಕು ಪೆಗ್ ಆದ ದಿನ ನಾಲ್ಕನೇ ಗೀಟು ಸ್ವಲ್ಪ ಸೊಟ್ಟಗಿರುತ್ತದೆ, ಆದರೆ ಇರುತ್ತದೆ.

ಒಂದು ವರ್ಷ ತುಲಾ ಸಂಕ್ರಮಣ ಕಳೆದ ಮಾರನೇ ದಿನ ಅಜ್ಜಿ ಬಾಟಲಿಗಳನ್ನು ಪತ್ತಾಯದೊಳಗೆ, ಅಂದರೆ ಭತ್ತದ ಪೆಟ್ಟಿಗೆಯೊಳಗೆ, ಇಟ್ಟು ಬೀಗ ಹಾಕಿದರು. ಬೀಗದ ಕೈ ಸೆರಗಿನ ತುದಿಗೆ. ದೀಪ ಹಚ್ಚಿದ ಮೇಲೆ ಒಂದು ಪೆಗ್, ಅದೂ ಅವರ ಕೈಯಿಂದ. ಗೀಟುಗಳು ಇಳಿದವು. ಅಜ್ಜಿ ಸಾಯುವವರೆಗೆ ಹೇಳಿದರು, ‘ನಾನು ಬೀಗ ಹಾಕಿದೆ, ಕುಡಿತ ನಿಂತಿತು.’ ಅಜ್ಜ ಸಾಯುವವರೆಗೆ ಹೇಳಿದರು, ‘ಮಳೆ ನಿಂತಿತು, ಅದಕ್ಕೆ ಕುಡಿತ ನಿಂತಿತು.’

ಯಾರು ಸರಿ? ತುಲಾ ತಿಂಗಳಲ್ಲಿ ಮಳೆ ಹೇಗೂ ಇಳಿಯುತ್ತದೆ. ಮಳೆಯ ದಿನ ಗೀಟು ಜಾಸ್ತಿ, ಬಿಸಿಲಿನ ದಿನ ಕಡಿಮೆ. ಹಾಗಾದರೆ ಬೀಗದ ಕೆಲಸ ಎಷ್ಟು, ಬಿಸಿಲಿನ ಕೆಲಸ ಎಷ್ಟು?

ಮಕ್ಕಳೇ, ಮದ್ಯ ನೀತಿಯ ಬಗ್ಗೆ ಪ್ರಪಂಚದಲ್ಲಿ ನಡೆಯುವ ಸಂಶೋಧನೆಯ ದೊಡ್ಡ ಪಾಲು ಈ ಪ್ರಶ್ನೆಯೇ. ಸುಮ್ನೆ ಹೇಳುತ್ತಿಲ್ಲ.

ನಾನು ಎಂ.ಎಸ್ಸಿ. ಓದುವಾಗ ರಜೆಗೆ ಬಂದು ಗ್ರಾಫ್ ಹಾಳೆ ಹಿಡಿದು ಕೂತೆ. ಚೌಕಾಬಾರದಲ್ಲಿ ಮನೆ ಅನ್ನುತ್ತೇವಲ್ಲ, ಹಾಗೆ ಒಂದೊಂದು ದಿನಕ್ಕೆ ಒಂದೊಂದು ಮನೆ. ಹಿಂದಿನ ವರ್ಷದ ಪಟ್ಟಿಯನ್ನು ಪೂರ್ತಿ ಒಂದು ವರ್ಷ ಮುಂದಕ್ಕೆ ಜರುಗಿಸಿದೆ. ಈ ವರ್ಷದ ಪಟ್ಟಿಯಿಂದ ಅದನ್ನು ಕಳೆದೆ. ಕಾಲದ ಏರಿಳಿತ ಬಹಳ ಮಟ್ಟಿಗೆ ಹೋಯಿತು. ಉಳಿದದ್ದು ಬೀಗದ್ದು. ಇಳಿದದ್ದು ನಿಜ, ಆದರೆ ಅಜ್ಜಿ ಹೇಳಿದಷ್ಟು ಅಲ್ಲ. ಇದನ್ನು ಅಡುಗೆಮನೆಗೆ ಹೋಗಿ ಹೇಳಿದೆ. ಅವತ್ತು ನನ್ನ ತಟ್ಟೆಗೆ ರೊಟ್ಟಿ ತಡವಾಗಿ ಬಂತು.

ಜರುಗಿಸಿ, ಕಳೆಯಿರಿ. ಇವತ್ತು ನಾನು ಹೇಳುವುದು ಇದೊಂದೇ. ಇನ್ನು ಐದಾರು ಸಲ ಹೇಳುತ್ತೇನೆ, ಬೇಸರ ಮಾಡಬೇಡಿ.

ಈಗ ಆ ನಾಲ್ಕು ಜನಕ್ಕೆ. ಒಂದು ದೊಡ್ಡ ಕೋಷ್ಟಕ ಮಾಡಿ. ಅಡ್ಡಸಾಲಿಗೂ ದಿನಗಳು, ಕಂಬಸಾಲಿಗೂ ದಿನಗಳು. ಪ್ರತಿ ಮನೆಯಲ್ಲಿ ಒಂದು ಸಂಖ್ಯೆ: ಆ ಎರಡು ದಿನಗಳ ಮಳೆ ಎಷ್ಟು ಒಟ್ಟಿಗೆ ಏರುತ್ತದೆ, ಇಳಿಯುತ್ತದೆ ಎಂಬುದರ ಅಳತೆ. 365 ದಿನಕ್ಕೆ 1,33,225 ಮನೆ. ತಲೆ ತಿರುಗುತ್ತದೆ. ಆದರೆ ಋತುವಿನ ಏರಿಳಿತ ಕಳೆದ ಮೇಲೆ, ಇವತ್ತಿಗೂ ನಾಳೆಗೂ ಇರುವ ನಂಟು ಸೋಮವಾರವೂ ಒಂದೇ, ಗುರುವಾರವೂ ಒಂದೇ ಅಂತ ಇಟ್ಟುಕೊಳ್ಳಿ. ಯಾವ ದಿನ ಅನ್ನುವುದು ಮುಖ್ಯವಲ್ಲ, ಎಷ್ಟು ದಿನದ ಅಂತರ ಅನ್ನುವುದೇ ಮುಖ್ಯ. ಆಗ ಪ್ರತಿ ಕರ್ಣದಲ್ಲೂ ಒಂದೇ ಸಂಖ್ಯೆ ಮೇಲಿನಿಂದ ಕೆಳಕ್ಕೆ ಇಳಿದು ಬರುತ್ತದೆ. 1,33,225 ಮನೆ ತುಂಬಲು 365 ಸಂಖ್ಯೆ ಸಾಕು.

ಇದಕ್ಕೆ ಟಾಪ್ಲಿಟ್ಸ್ ಮಾತೃಕೆ ಎಂದು ಹೆಸರು. ಒಟ್ಟೊ ಟಾಪ್ಲಿಟ್ಸ್ 1881ರಲ್ಲಿ ಬ್ರೆಸ್ಲಾವ್‌ನಲ್ಲಿ ಹುಟ್ಟಿದವರು. ಬಾನ್‌ನಲ್ಲಿ ಪ್ರೊಫೆಸರ್ ಆಗಿದ್ದರು. ಯಹೂದಿ ಅನ್ನುವ ಒಂದೇ ಕಾರಣಕ್ಕೆ 1935ರಲ್ಲಿ ಕೆಲಸದಿಂದ ತೆಗೆದರು. 1939ರಲ್ಲಿ ಪ್ಯಾಲೆಸ್ಟೈನ್‌ಗೆ ಹೋದರು, ಮರು ವರ್ಷ ಜೆರುಸಲೇಮಿನಲ್ಲಿ ತೀರಿಕೊಂಡರು. ಎಲ್ಲಿಗೆ ಜರುಗಿಸಿದರೂ ಬದಲಾಗದ ಮಾತೃಕೆಗೆ, ಹಾಗೆ ಜರುಗಿಸಲ್ಪಟ್ಟ ಮನುಷ್ಯನ ಹೆಸರು.

ಮಳೆಗೂ ಇದಕ್ಕೂ ನಂಟು ನಾನು ಕಟ್ಟಿದ್ದಲ್ಲ. ಗಿಲ್ಬರ್ಟ್ ವಾಕರ್ ಅಂತ ಒಬ್ಬರು. ಕೇಂಬ್ರಿಜ್‌ನ ಗಣಿತಜ್ಞ. ಬೂಮರಾಂಗ್ ಎಸೆಯುವ ಹುಚ್ಚು, ಅಲ್ಲಿ ಅವರಿಗೆ ಬೂಮರಾಂಗ್ ವಾಕರ್ ಎಂದೇ ಹೆಸರು. ಅವರು 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರು. ಕೆಲಸ ಏನು? ಮುಂಗಾರು ಬರುತ್ತಾ ಇಲ್ವಾ ಮುಂಚೆಯೇ ಹೇಳುವುದು. ನಮ್ಮ ಗದ್ದೆಯ ಪ್ರಶ್ನೆಯೇ. ಊರಿಗೆ ಮರಳಿದ ಮೇಲೆ, 1931ರಲ್ಲಿ, ಸೂರ್ಯನ ಕಲೆಗಳ ಬಗ್ಗೆ ಸಂಖ್ಯಾಶಾಸ್ತ್ರಜ್ಞ ಯೂಲ್ 1927ರಲ್ಲಿ ಮಾಡಿದ ಲೆಕ್ಕವನ್ನು ಮುಂದುವರಿಸಿದರು. ಇವತ್ತಿನದ್ದು ನಿನ್ನೆಯದರ ಇಷ್ಟು ಪಾಲು, ಮೊನ್ನೆಯದರ ಅಷ್ಟು ಪಾಲು. ಆ ಪಾಲುಗಳನ್ನು ಹುಡುಕುವ ಸಮೀಕರಣಗಳಿಗೆ ಯೂಲ್-ವಾಕರ್ ಎಂದು ಹೆಸರು. ಅಲ್ಲಿ ಕೂತಿರುವುದು ಟಾಪ್ಲಿಟ್ಸ್ ಮಾತೃಕೆಯೇ.

ಸಾಮಾನ್ಯ ವಿಧಾನದಲ್ಲಿ ಬಿಡಿಸಿದರೆ ಕೆಲಸ ದಿನಗಳ ಸಂಖ್ಯೆಯ ಘನದ ಹಾಗೆ ಬೆಳೆಯುತ್ತದೆ. 365ರ ಘನ ನಾಲ್ಕೂವರೆ ಕೋಟಿಗಿಂತ ಜಾಸ್ತಿ. 1947ರಲ್ಲಿ ನಾರ್ಮನ್ ಲೆವಿನ್ಸನ್, ಕ್ಷಮಿಸಿ, ನಾರ್ಬರ್ಟ್ ಅಲ್ಲವಾ? ಗುರು ನಾರ್ಬರ್ಟ್ ವೀನರ್, ಶಿಷ್ಯ ನಾರ್ಮನ್ ಲೆವಿನ್ಸನ್. ಸರಿಯಾಗಿಯೇ ಹೇಳಿದೆ. ಅವರು ಅದನ್ನು ವರ್ಗಕ್ಕೆ ಇಳಿಸಿದರು. ಒಂದು ದಿನದ ಲೆಕ್ಕ ಬಿಡಿಸಿ, ಅದರ ಮೇಲೆ ಎರಡು ದಿನದ್ದು, ಅದರ ಮೇಲೆ ಮೂರು ದಿನದ್ದು. ಮಾಡಿದ ಕೆಲಸವನ್ನು ಎಸೆಯುವುದಿಲ್ಲ. ನಮ್ಮ ಅಜ್ಜಿ ನಿನ್ನೆಯ ಅನ್ನ ಎಸೆಯದೆ ಅಕ್ಕಿಹಿಟ್ಟಿಗೆ ಕಲಸಿ ರೊಟ್ಟಿ ತಟ್ಟುತ್ತಿದ್ದ ಹಾಗೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಥಾಮಸ್ ಕೈಲಾತ್ ಕೆಲಸ. ಪುಣೆಯಲ್ಲಿ ಹುಟ್ಟಿದ ಮಲಯಾಳಿ, ಆಮೇಲೆ ಸ್ಟ್ಯಾನ್‌ಫರ್ಡ್. 1979ರ ಹೊತ್ತಿಗೆ ಅವರೂ ಜೊತೆಯವರೂ ಒಂದು ಪ್ರಶ್ನೆ ಕೇಳಿದರು. ಪೂರ್ತಿ ಟಾಪ್ಲಿಟ್ಸ್ ಅಲ್ಲ, ಆದರೆ ಹೆಚ್ಚುಕಡಿಮೆ ಹಾಗೆ ಇದೆ ಅನ್ನುವ ಮಾತೃಕೆಯನ್ನು ಗುರುತಿಸುವುದು ಹೇಗೆ? ಉತ್ತರ ಕೇಳಿ. ಇಡೀ ಮಾತೃಕೆಯನ್ನು ಕರ್ಣದ ದಾರಿಯಲ್ಲಿ ಒಂದು ಮನೆ ಕೆಳಕ್ಕೆ ಜರುಗಿಸಿ. ಮೂಲದಿಂದ ಕಳೆಯಿರಿ. ಟಾಪ್ಲಿಟ್ಸ್ ಆಗಿದ್ದರೆ ಒಳಗಿನದೆಲ್ಲ ಸೊನ್ನೆ! ಮೊದಲ ಅಡ್ಡಸಾಲು, ಮೊದಲ ಕಂಬಸಾಲು, ಇಷ್ಟೇ ಉಳಿಯುತ್ತದೆ. ಶ್ರೇಣಿ, ಅಂದರೆ ಬೇರೆ ಸಾಲುಗಳಿಂದ ಕಟ್ಟಲಾಗದ ಸಾಲುಗಳ ಎಣಿಕೆ, ಎರಡನ್ನು ಮೀರುವುದಿಲ್ಲ. ಪೂರ್ತಿ ಟಾಪ್ಲಿಟ್ಸ್ ಅಲ್ಲದಿದ್ದರೆ ಇನ್ನೊಂದಿಷ್ಟು ಉಳಿಯುತ್ತದೆ. ಆ ಉಳಿಕೆಯ ಶ್ರೇಣಿ ಸಣ್ಣದಿದ್ದರೆ ವೇಗದ ವಿಧಾನ ಇಲ್ಲೂ ನಡೆಯುತ್ತದೆ. ಮಾತೃಕೆ ಎಷ್ಟೇ ದೊಡ್ಡದಿರಲಿ, ಅದರ ಹೊಸ ಮಾತು ಎಲ್ಲಿದೆ ಅಂತ ಆ ಉಳಿಕೆ ಹೇಳುತ್ತದೆ. ಅಜ್ಜಿಯ ಬೀಗದ ಲೆಕ್ಕ ಕೂಡ ಇದೇ ಅಲ್ವಾ?

ಈಗ ಸ್ಕಾಟ್ಲೆಂಡಿಗೆ ಹೋಗೋಣ. ಅಲ್ಲಿ 2012ರಲ್ಲಿ ಒಂದು ಕಾನೂನು ಮಾಡಿದರು. ಮದ್ಯಕ್ಕೆ ಕನಿಷ್ಠ ಬೆಲೆ. ಒಂದು ಯೂನಿಟ್, ಅಂದರೆ 10 ಮಿಲಿಲೀಟರ್ ಶುದ್ಧ ಆಲ್ಕೊಹಾಲ್, 50 ಪೆನ್ಸ್‌ಗಿಂತ ಅಗ್ಗವಾಗಿ ಮಾರುವ ಹಾಗಿಲ್ಲ. ವಿಸ್ಕಿ ಉದ್ಯಮದವರು ಕೋರ್ಟಿಗೆ ಹೋದರು. ಕೇಸ್ ಐದು ವರ್ಷ ಎಳೆಯಿತು. ಕೊನೆಗೆ ಜಾರಿಯಾದದ್ದು 2018ರ ಮೇ 1ಕ್ಕೆ. ಆಮೇಲೆ ಸಾವು ಕಡಿಮೆಯಾಯಿತಾ? ಅಜ್ಜಿಯ ಹಾಗೆ ‘ನಾವು ಬೀಗ ಹಾಕಿದೆವು’ ಅಂದರೆ ಸಾಲದು. ಅಜ್ಜನ ಹಾಗೆ ‘ಅದು ಹೇಗೂ ಇಳಿಯುತ್ತಿತ್ತು’ ಅನ್ನುವವರು ಇದ್ದೇ ಇರುತ್ತಾರೆ. ಸಂಶೋಧಕರು ಏನು ಮಾಡಿದರು? ಪಕ್ಕದ ಇಂಗ್ಲೆಂಡಿನಲ್ಲಿ ಆ ಕಾನೂನು ಇರಲಿಲ್ಲ. ಅದೇ ಚಳಿ, ಅದೇ ಕ್ರಿಸ್‌ಮಸ್, ಅದೇ ಕೊರೋನಾ. ಅದನ್ನು ಪಕ್ಕದಲ್ಲಿಟ್ಟು ಕಳೆದರು. ತಿಂಗಳಿಂದ ತಿಂಗಳಿಗೆ ಇರುವ ನಂಟನ್ನೂ ಲೆಕ್ಕಕ್ಕೆ ತಂದರು. 2023ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂದಾಜು: ಪೂರ್ತಿ ಮದ್ಯದಿಂದಲೇ ಆಗುವ ಸಾವು ಶೇಕಡಾ 13.4ರಷ್ಟು ಕಡಿಮೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಆ ಬೆಲೆಯನ್ನು 65 ಪೆನ್ಸ್‌ಗೆ ಏರಿಸಿದರು.

ಕಳೆಯದೆ ಹೋದರೆ ಏನಾಗುತ್ತದೆ? ಇಪ್ಪತ್ತು ವರ್ಷದಲ್ಲಿ ನಮ್ಮ ಜಿಲ್ಲೆಯಲ್ಲಿ ಮೊಬೈಲ್ ಟವರ್ ಜಾಸ್ತಿಯಾಯಿತು, ಹೋಂಸ್ಟೇ ಜಾಸ್ತಿಯಾಯಿತು. ಟವರ್‌ನಿಂದ ಹೋಂಸ್ಟೇ ಹುಟ್ಟುತ್ತದೆ ಅನ್ನಬಹುದಾ? ಅದಕ್ಕೇ ಸ್ವೀಡನ್ನಿನ ಸಂಶೋಧಕ ಥೋರ್ ನಾರ್‌ಸ್ಟ್ರೋಮ್ ಅಂಥವರು ಯುರೋಪಿನ ದೇಶಗಳ ಕುಡಿತದ ಸರಣಿ, ಸಾವಿನ ಸರಣಿ ಎರಡರಲ್ಲೂ ಮೊದಲು ಈ ವರ್ಷದಿಂದ ಹಿಂದಿನ ವರ್ಷ ಕಳೆಯುತ್ತಾರೆ. ಆ ಕಳೆಯುವ ಕೆಲಸವನ್ನೂ ಮಾತೃಕೆಯಾಗಿ ಬರೆಯಬಹುದು. ಕರ್ಣದಲ್ಲಿ ಒಂದು, ಅದರ ಕೆಳಗಿನ ಕರ್ಣದಲ್ಲಿ ಮೈನಸ್ ಒಂದು, ಉಳಿದದ್ದು ಸೊನ್ನೆ. ಮತ್ತೆ ಟಾಪ್ಲಿಟ್ಸ್.

ಹಾಂ, ಅಜ್ಜನ ಕಥೆ ಮುಗಿದಿಲ್ಲ. ಮೂರನೇ ಸಾಲು ಇತ್ತಲ್ಲ. ಬೀಗ ಬಿದ್ದ ಮೇಲೆ ಆ ಸಾಲಿನಲ್ಲಿ ‘ಬಾಣೆ’ ಅನ್ನುವ ಪದ ಜಾಸ್ತಿಯಾಗಿದೆ. ಸಂಜೆ ಹೊತ್ತು ಬಾಣೆಯಲ್ಲಿ ಏನು ಕೆಲಸ? ಬಾಣೆ ದಾಟಿದರೆ ಅವರ ಸ್ನೇಹಿತರ ಮನೆ. ಅಲ್ಲಿ ಕುಡಿದದ್ದಕ್ಕೆ ಗೀಟು ಇಲ್ಲ! ಸುಳ್ಳು ಬರೆಯುವವರಲ್ಲ ಅಂದೆ, ಪೂರ್ತಿ ಬರೆಯುವವರು ಅನ್ನಲಿಲ್ಲ. ಪುಸ್ತಕ ನಮ್ಮ ಮನೆಯ ಬಾಟಲಿಯದ್ದು, ಅಷ್ಟೇ. ನನ್ನ ಮೊದಲ ಲೆಕ್ಕವೂ ತಪ್ಪಿತು. ಬೀಗದ ಕೆಲಸ ಇನ್ನೂ ಸ್ವಲ್ಪ ಕಡಿಮೆಯೇ.

ಫಿನ್ಲೆಂಡಿಗೆ ಇದೇ ಬಾಣೆಯ ಭಯ. 2004ರಲ್ಲಿ ಸಮುದ್ರದ ಆಚೆಯ ಎಸ್ಟೋನಿಯಾ ಯುರೋಪಿನ ಒಕ್ಕೂಟ ಸೇರಿತು. ಅಲ್ಲಿ ಮದ್ಯ ಅಗ್ಗ. ಜನ ಹಡಗಿನಲ್ಲಿ ಹೋಗಿ ಹೊತ್ತು ತರುತ್ತಾರೆ ಅಂತ ಹೆದರಿ ಸರ್ಕಾರ ಮಾರ್ಚ್‌ನಲ್ಲೇ ತೆರಿಗೆಯನ್ನು ಸರಾಸರಿ ಮೂರನೇ ಒಂದು ಪಾಲು ಇಳಿಸಿತು. ಜನ ಆಚೆಯೂ ಕೊಂಡರು, ಈಚೆಯೂ ಕೊಂಡರು. ಮದ್ಯದಿಂದ ಸಾಯುವವರು ಜಾಸ್ತಿಯಾದರು. ಮದುವೆ ಮನೆಯ ಎರಡನೇ ಹಿರಿಯರಿಗೆ ಇದನ್ನು ಹೇಳಬೇಕು ಅಂತಿದ್ದೇನೆ. ಬಾಣೆ ಇದೆ ಅನ್ನುವುದು ನಿಜ, ಅದಕ್ಕಾಗಿ ಪತ್ತಾಯದ ಬೀಗ ತೆಗೆದರೆ ಬಾಣೆಗೆ ಹೋಗುವುದು ನಿಲ್ಲುತ್ತದೆ ಅನ್ನುವುದು ಸುಳ್ಳು.

ಚೀಟಿ ಬಂತು. ಐದು ನಿಮಿಷ ಅಂತೆ. ನನ್ನ ಹಾಳೆಯಲ್ಲಿ ಇನ್ನೂ ಆರು ವಿಷಯ ಇವೆ. ಓಡಿಸುತ್ತೇನೆ.

ಚಕ್ರ ಮಾತೃಕೆ. ಮೊದಲ ಸಾಲು ಮಾತ್ರ ಬೇಕು, ಪ್ರತಿ ಸಾಲೂ ಒಂದು ಮನೆ ಜರುಗುತ್ತದೆ, ಕೊನೆಯದು ಸುತ್ತಿ ಮೊದಲಿಗೆ ಬರುತ್ತದೆ. ಹುತ್ತರಿ ಕೋಲಾಟದಲ್ಲಿ ಮಂದ್‌ನ, ಅಂದರೆ ಊರ ಬಯಲಿನ, ಸುತ್ತು ತಿರುಗಿದ ಹಾಗೆ. ವಾರಕ್ಕೆ ಇದೇ ಸರಿ: ಶುಕ್ರವಾರದ ಮಡಿಕೇರಿ ಸಂತೆ ಏಳು ದಿನಕ್ಕೆ ಮತ್ತೆ ಬರುತ್ತದೆ. ಸ್ವೀಡನ್ 2000ದಲ್ಲಿ ಕೆಲವು ಜಿಲ್ಲೆಗಳಲ್ಲಿ ಮಾತ್ರ ಶನಿವಾರ ಮದ್ಯದಂಗಡಿ ತೆರೆದು ನೋಡಿತು, ತೆರೆಯದ ಜಿಲ್ಲೆಗಳನ್ನು ಪಕ್ಕದಲ್ಲಿಟ್ಟು ಕಳೆಯಿತು. ಮಾರಾಟ ಸ್ವಲ್ಪ ಏರಿತ್ತು. ಮೊದಲು ಅಳೆದು ಆಮೇಲೆ ನಿಯಮ ಮಾಡುವ ಸರ್ಕಾರ! ನನಗೆ ಹೊಟ್ಟೆಕಿಚ್ಚು.

ನಮ್ಮಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹೋಯಿತು, ಅಗ್ಗದ ವಿಸ್ಕಿ ಇತ್ತು. ಅದರ ಮೇಲೆ ಒಂದು ಗಂಟೆ ಬೇಕು, ಬಿಡುತ್ತೇನೆ.

ನಾರ್ವೆಯ ಸಂಶೋಧಕ ಸ್ಕೋಗ್ 1985ರಲ್ಲಿ ಬರೆದದ್ದು: ಒಂದು ಸಮಾಜದಲ್ಲಿ ಕಡಿಮೆ ಕುಡಿಯುವವರೂ ಜಾಸ್ತಿ ಕುಡಿಯುವವರೂ ಒಟ್ಟಿಗೇ ಏರುತ್ತಾರೆ, ಒಟ್ಟಿಗೇ ಇಳಿಯುತ್ತಾರೆ. ಒಬ್ಬರ ಗ್ಲಾಸು ಪಕ್ಕದವರ ಗ್ಲಾಸನ್ನು ನೋಡುತ್ತದೆ. ನಮ್ಮ ಮದುವೆ ಮನೆ ನೋಡಿದವರಿಗೆ ಇದು ಹೊಸದಲ್ಲ. ಹ್ಯಾಂಕೆಲ್, ವಾಂಡರ್‌ಮೊಂಡ್ ಹೆಸರಿನ ಮಾತೃಕೆಗಳು ಇನ್ನೊಮ್ಮೆ. ನಾಲ್ಕು ಜನ ನನ್ನ ಹತ್ತಿರ ಬನ್ನಿ.

ಕೊನೆಗೆ ಒಂದು ಕೆಲಸದ ಮಾತು. ನಿಮ್ಮ ಮನೆಗಳ ಅಟ್ಟದಲ್ಲಿ ಇಂಥ ಮಳೆ ಪುಸ್ತಕಗಳಿವೆ. ಗೆದ್ದಲು ತಿನ್ನುತ್ತಿದೆ, ಇಲ್ಲವೇ ಹಳೇ ಪೇಪರಿನ ಜೊತೆ ತೂಕಕ್ಕೆ ಹೋಗುತ್ತಿದೆ. ತನ್ನಿ. ಪುಟಗಳ ಫೋಟೋ ತೆಗೆದು ಟೈಪ್ ಮಾಡುವ ಕೆಲಸ ಗಣಿತ ಸಂಘದವರು ಒಪ್ಪಿಕೊಂಡಿದ್ದಾರೆ. ಮಳೆಯ ಪಕ್ಕದಲ್ಲಿ ಗೀಟು ಇದ್ದರೆ ನಾಚಿಕೆ ಬೇಡ, ಹೆಸರು ತೆಗೆದು ಟೈಪ್ ಮಾಡುತ್ತಾರೆ.

ಅಜ್ಜನ ಪುಸ್ತಕ ಇಲ್ಲೇ ಇರುತ್ತದೆ, ಕಾಫಿ ಕುಡಿದು ಬಂದು ನೋಡಿ. ಕೈ ಒರೆಸಿಕೊಂಡು ಮುಟ್ಟಿ. ಮಳೆ ಬರೆದದ್ದು ಇಂಕಿನಲ್ಲಿ, ಗೀಟು ಪೆನ್ಸಿಲ್‌ನದ್ದು. ಅಳಿಸಿ ಹೋಗುತ್ತದೆ.