ನೋಡೋಕೋ, ನೋಡ್ಕೊಳ್ಳೋಕೋ?

ಕೇಳುಗರಿಗೆಲ್ಲ ನಮಸ್ಕಾರ.

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೊರಟು ನಿಂತ ಅಪ್ಪ ಅಮ್ಮಂದಿರಿಗೆ ಈ ಮಾತು. ಸೂಟ್‌ಕೇಸನ್ನು ತಕ್ಕಡಿ ಕೊಕ್ಕೆಗೆ ಸಿಕ್ಕಿಸಿ ಇಪ್ಪತ್ತಮೂರು ಕಿಲೋ ದಾಟಿತೇ ಅಂತ ನೋಡುತ್ತಿದ್ದೀರಲ್ಲ, ಅದನ್ನು ಹತ್ತು ನಿಮಿಷ ಕೆಳಗಿಡಿ.

ನಾನು ಮೂವತ್ತು ವರ್ಷ ವಿಮಾನ ಕಂಪನಿಯ ಕೌಂಟರಿನಲ್ಲಿ ನಿಂತವನು. ನಿಮ್ಮ ಪಾಸ್‌ಪೋರ್ಟನ್ನು ಹಿಂದೆ ಮುಂದೆ ತಿರುಗಿಸಿ, "ರಿಟರ್ನ್ ಟಿಕೆಟ್ ಎಲ್ಲಿ?" ಅಂತ ಕೇಳಿ ಬೈಸಿಕೊಳ್ಳುತ್ತಿದ್ದವನು ನಾನೇ. ಆ ದೇಶದವರು ನಿಮ್ಮನ್ನು ಒಳಗೆ ಬಿಡದಿದ್ದರೆ, ಕರೆದುಕೊಂಡು ಹೋದ ಕಂಪನಿಯೇ ವಾಪಸ್ ಕರೆತರಬೇಕು. ಅದಕ್ಕೇ ಆ ತನಿಖೆ.

ಹೇಳಬೇಕಾದ ಮಾತು ಒಂದೇ. ವೀಸಾ ಅಂದರೆ ಬಾಗಿಲು ತಟ್ಟಲು ಅನುಮತಿ, ಅಷ್ಟೇ. ಬಾಗಿಲು ತೆಗೆಯುವವರು ಬೇರೆ. ಚೆನ್ನೈಗೋ ಹೈದರಾಬಾದಿಗೋ ಹೋಗಿ ನೀವು ಸಂದರ್ಶನ ಕೊಟ್ಟಿದ್ದು ಅವರ ವಿದೇಶಾಂಗ ಇಲಾಖೆಗೆ. ಅಲ್ಲಿ ಇಳಿದ ಮೇಲೆ ಎದುರಿಗೆ ಕೂತಿರುವವರು ಗಡಿ ಇಲಾಖೆಯವರು. ಅವರು ಮತ್ತೆ ಮೊದಲಿನಿಂದ ಕೇಳುತ್ತಾರೆ. "ಹತ್ತು ವರ್ಷದ ವೀಸಾ ಇದೆ ಕಣ್ರೀ" ಅಂತ ಎದೆ ಸೆಟೆಸಬೇಡಿ. ಶಾರುಖ್ ಖಾನ್ ಅವರನ್ನೇ 2009ರಲ್ಲಿ ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ಕೂರಿಸಿಕೊಂಡು ಪ್ರಶ್ನೆ ಕೇಳಿದರು. 2012ರಲ್ಲಿ ಮತ್ತೆ, 2016ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮತ್ತೊಮ್ಮೆ. ನಾವು ನೀವು ಯಾವ ಲೆಕ್ಕ?

ಈಗ ನಮ್ಮ ಪಕ್ಕದ ಬೀದಿಯ ಒಬ್ಬರು ತಾಯಿಯ ಕಥೆ ಹೇಳುತ್ತೇನೆ. ಹೆಸರು ಬೇಡ, ಊರೂ ಬೇಡ. ಮಗಳು ಎಂಟು ತಿಂಗಳ ಬಸುರಿ. ಬಾಣಂತನಕ್ಕೆ ಅಂತ ಇವರು ಹೊರಟರು. ಚೀಲದಲ್ಲಿ ಬಾಣಂತಿ ಲೇಹ್ಯ, ಹುರಿಹಿಟ್ಟು, ಹಳೇ ಸೀರೆ ಹರಿದು ಒಗೆದು ಮಡಿಸಿದ ಬಟ್ಟೆ, ಬಜೆ ಬೇರು, ಅದನ್ನು ತೇಯಲು ಅಂಗೈಯಗಲದ ಕಲ್ಲು. ಕಲ್ಲು ಬೇಡಮ್ಮ, ತೂಕ ಬರುತ್ತೆ ಅಂದೆ. ಕೇಳಲಿಲ್ಲ.

ಇಳಿದರು. ಅಧಿಕಾರಿ ಯಾಕೆ ಬಂದಿರಿ ಅಂದ. ಇವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಫೋನಿನಲ್ಲಿ ಕನ್ನಡ ಬಲ್ಲ ದುಭಾಷಿಯನ್ನು ಹಿಡಿದರು. ನಮ್ಮಮ್ಮ ಹೇಳಿದ್ದೇನು? "ಮಗು ನೋಡ್ಕೊಳ್ಳೋಕೆ ಬಂದಿದೀನಿ."

ಗಮನಿಸಿದಿರಾ? ಮಗು ನೋಡೋಕೆ ಬಂದೆ ಅಂದಿದ್ದರೆ ನೆಂಟರು. ನೋಡ್ಕೊಳ್ಳೋಕೆ ಬಂದೆ ಅಂದರೆ ಆಯಾ! ನಮ್ಮ ಭಾಷೆಯಲ್ಲಿ ನಡುವೆ ಒಂದು 'ಕೊಳ್ಳು' ಸೇರಿದರೆ ಅರ್ಥ ಎಲ್ಲಿಗೋ ಹೋಗುತ್ತದೆ. ದುಭಾಷಿ ಪಾಪ, ಸರಿಯಾಗಿಯೇ ಅನುವಾದ ಮಾಡಿದರು. ಅಧಿಕಾರಿ ಪಾಸ್‌ಪೋರ್ಟ್ ತೆಗೆದುಕೊಂಡು ಒಳಗಿನ ಕೋಣೆಗೆ ಕಳಿಸಿದ. ಸೆಕೆಂಡರಿ ಅನ್ನುತ್ತಾರೆ ಅದಕ್ಕೆ. ಅಲ್ಲಿ ನಿಮ್ಮ ಪರವಾಗಿ ವಕೀಲರು ಬಂದು ಕೂರುವ ಹಾಗಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಬಿಟ್ಟು ಕಳಿಸುತ್ತಿದ್ದರೇನೋ. ಫೋನ್ ಕೇಳಿದರು. ಗಡಿಯಲ್ಲಿ ಫೋನ್ ನೋಡುವ ಅಧಿಕಾರ ಅವರಿಗಿದೆ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಅಳಿಯ ಹಿಂದಿನ ತಿಂಗಳು ಬರೆದಿದ್ದ: ಅತ್ತೆ ಆರು ತಿಂಗಳಿದ್ದರೆ ಡೇಕೇರಿನ ಎರಡು ಸಾವಿರ ಡಾಲರ್ ತಿಂಗಳಾ ತಿಂಗಳಾ ಸೇವ್ ಆಗುತ್ತೆ, ಅವರ ಕೈಗೂ ಒಂದಿಷ್ಟು ಕೊಡೋಣ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ್ದ ಮಹಾನುಭಾವ. ಡೇಕೇರ್, ಸೇವ್, ಡಾಲರ್. ಆ ಅಧಿಕಾರಿಗೆ ಓದಲು ಮೂರೇ ಪದ ಸಾಕಾದವು. ಪ್ರವಾಸಿ ವೀಸಾದಲ್ಲಿ ಬಂದು ಸಂಬಳಕ್ಕೆ ಕೆಲಸ ಮಾಡುವವರು ಅಂತ ಬರೆದುಕೊಂಡ.

"ಹೆತ್ತ ತಾಯಿ ಮಗಳಿಗೆ ಬಾಣಂತನ ಮಾಡೋಕೆ ಪರ್ಮಿಟ್ ಬೇಕೇನಪ್ಪ?" ಅಂತ ಇವರು ಕೇಳಿದರಂತೆ. ಆ ಪ್ರಶ್ನೆಗೆ ಫೋನಿನ ಆ ತುದಿಯಲ್ಲಿ ದುಭಾಷಿ ಸ್ವಲ್ಪ ಹೊತ್ತು ಸುಮ್ಮನಾದರಂತೆ. ಒಂಬತ್ತು ಗಂಟೆ ಕೂತಿದ್ದಾರೆ. ಕೊಟ್ಟ ನೂಡಲ್ಸಿನಲ್ಲಿ ಏನಿದೆಯೋ ಅಂತ ಮುಟ್ಟಲಿಲ್ಲ. ಗೋಡೆಯ ಆಚೆ, ಬಂದವರು ಹೊರಗೆ ಬರುವ ಬಾಗಿಲ ಹತ್ತಿರ, ತುಂಬು ಬಸುರಿ ಮಗಳು ಕುರ್ಚಿ ಮೇಲೆ ಕಾಲು ನೀಡಿಕೊಂಡು ಕಾಯುತ್ತಿದ್ದಾಳೆ.

ಕೊನೆಗೆ ಎರಡು ದಾರಿ ಮುಂದಿಟ್ಟರು. ಅವರೇ ಹೊರಗೆ ಹಾಕುವ ಆದೇಶ ಬರೆದರೆ ಐದು ವರ್ಷ ಆ ಕಡೆ ತಲೆ ಹಾಕುವ ಹಾಗಿಲ್ಲ. 1996ರ ಕಾನೂನು ಅದು, ನ್ಯಾಯಾಧೀಶರ ಮುಂದೆ ಹೋಗುವ ಪ್ರಶ್ನೆಯೇ ಇಲ್ಲ. ನೀವಾಗಿಯೇ "ಪ್ರವೇಶ ಬೇಡ, ವಾಪಸ್ ಹೋಗ್ತೀನಿ" ಅಂತ ಬರೆದುಕೊಟ್ಟರೆ ವೀಸಾ ಮಾತ್ರ ಹೋಗುತ್ತದೆ, ಐದು ವರ್ಷದ ತಡೆ ಬೀಳುವುದಿಲ್ಲ. ಇವರು ಎರಡನೆಯದಕ್ಕೆ ಒಪ್ಪಿ ಹಾಳೆ ಹಾಳೆಗೂ ಕನ್ನಡದಲ್ಲಿ ಸಹಿ ಹಾಕಿದರು. ಪಾಸ್‌ಪೋರ್ಟನ್ನು ವಿಮಾನದ ಸಿಬ್ಬಂದಿ ಕೈಗೆ ಕೊಟ್ಟು ಕಳಿಸಿದರು. ಬೆಂಗಳೂರಿನಲ್ಲಿ ಕರೆದುಕೊಂಡು ಬರಲು ನಾನೇ ಹೋಗಿದ್ದೆ. ಕಾರಿನಲ್ಲಿ ದೇವನಹಳ್ಳಿಯಿಂದ ಹೆಬ್ಬಾಳದವರೆಗೆ ಒಂದು ಮಾತಿಲ್ಲ.

ಅಳಿಯಂದಿರೇ, ಸೊಸೆಯಂದಿರೇ, ನೀವೂ ಕೇಳುತ್ತಿದ್ದರೆ ದಯವಿಟ್ಟು ಕೇಳಿಸಿಕೊಳ್ಳಿ. ಅಮ್ಮನಿಗೆ ಸಂಬಳದ ಲೆಕ್ಕ ಹಾಕಬೇಡಿ. ಬರೆಯಬೇಡಿ ಅಂತ ಅಲ್ಲ, ಹಾಕಲೇಬೇಡಿ.

ಹಾಗಾದರೆ ಸುಳ್ಳು ಹೇಳಬೇಕೇ? ಖಂಡಿತ ಕೂಡದು. ಸುಳ್ಳು ಸಿಕ್ಕಿಬಿದ್ದರೆ ಐದು ವರ್ಷಕ್ಕಲ್ಲ, ಜನ್ಮಕ್ಕೆ ಬಾಗಿಲು ಹಾಕಬಹುದು. ನಿಜವನ್ನೇ ಹೇಳಿ, ಚಿಕ್ಕದಾಗಿ ಹೇಳಿ. "ಮಗಳಿಗೆ ಹೆರಿಗೆ. ಜೊತೆಗಿರಲು ಬಂದೆ. ಇಂಥ ತಾರೀಕಿಗೆ ವಾಪಸ್." ಕೇಳಿದ್ದಕ್ಕೆ ಮಾತ್ರ ಉತ್ತರ. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಮೂರು ತಲೆಮಾರಿನ ಕಥೆ ಹೇಳುವ ಅಭ್ಯಾಸ. ಅಲ್ಲಿ ಅದು ಬೇಡ.

ಸಮಯ ಆಗುತ್ತಿದೆ ಅಂತ ಗಾಜಿನ ಆಚೆಯಿಂದ ಸನ್ನೆ ಬರುತ್ತಿದೆ, ಉಳಿದಿದ್ದನ್ನು ಓಡಿಸಿಬಿಡುತ್ತೇನೆ. ಮಗಳ ಫೋನ್ ನಂಬರು, ವಿಳಾಸ ಕಾಗದದ ಮೇಲೆ ಇರಲಿ, ಫೋನ್ ಕೈಯಲ್ಲಿ ಇರದೆ ಹೋಗಬಹುದು. ಹಿಂದಿ ಬರುತ್ತಾ ಅಂತ ಕೇಳಿದರೆ, ಬರದಿದ್ದರೆ ತಲೆಯಾಡಿಸಬೇಡಿ, ಕನ್ನಡ ಅನ್ನಿ. ಓದಿಸಿಕೊಳ್ಳದೆ ಸಹಿ ಬೇಡ. ಹಿಡಿದಿಟ್ಟರೆ ಭಾರತದ ದೂತಾವಾಸಕ್ಕೆ ತಿಳಿಸಿ ಅಂತ ಕೇಳಿ, 1963ರ ವಿಯೆನ್ನಾ ಒಪ್ಪಂದದಲ್ಲಿ ಅದಕ್ಕೆ ಅವಕಾಶ ಇದೆ. ಅಬುಧಾಬಿ ಮೇಲೆ ಹೋಗುವವರಿಗೆ ಅಮೆರಿಕದ ತಪಾಸಣೆ ಅಬುಧಾಬಿಯಲ್ಲೇ ಆಗುತ್ತದೆ, 2014ರಿಂದ ಹಾಗೆ. ನಿದ್ದೆಗಣ್ಣಿನಲ್ಲಿ ಏನೇನೋ ಹೇಳಬೇಡಿ. ಇನ್ನು, ಹತ್ತು ವರ್ಷದ ವೀಸಾ ಅಂದರೆ ಹತ್ತು ವರ್ಷ ಇರಬಹುದು ಅಂತ ಅಲ್ಲ. ಸಾಮಾನ್ಯವಾಗಿ ಆರು ತಿಂಗಳು. ಕರಿಬೇವು ಒಯ್ಯುವ ಹಾಗಿಲ್ಲ, ಅದರ ವಿಷಯ ಇನ್ನೊಮ್ಮೆ ಕರೆದರೆ ಹೇಳುತ್ತೇನೆ.

ಆ ತಾಯಿಯ ಮೊಮ್ಮಗುವಿನ ನಾಮಕರಣ ವಿಡಿಯೋ ಕಾಲಿನಲ್ಲಿ ಆಯಿತು. ಬಜೆ ಬೇರು, ಕಲ್ಲು ಎರಡೂ ಅವರ ಜೊತೆಗೇ ವಾಪಸ್ ಬಂದಿದ್ದವು. ಆಮೇಲೆ ನಮ್ಮ ಮನೆಯಲ್ಲಿ ಕೂಸು ಹುಟ್ಟಿದಾಗ ತಂದುಕೊಟ್ಟರು. ತೇಯ್ದು ಹಾಕಿದ್ದೂ ಅವರೇ.

ನಮಸ್ಕಾರ.