ಕಂದಾಯದ ರಸೀದಿ, ನಕ್ಷೆಯ ಪಾರ್ಕು

ಕೇಳುಗರಿಗೆಲ್ಲ ನಮಸ್ಕಾರ.

ನನ್ನ ಮುಂದೆ ಈಗ ಎರಡು ಕಾಗದಗಳಿವೆ. ಒಂದು, ಏಪ್ರಿಲ್‌ನಲ್ಲಿ ಮನೆ ಕಂದಾಯ ಕಟ್ಟಿದ ರಸೀದಿ. ಇನ್ನೊಂದು, ನಮ್ಮ ಬಡಾವಣೆಯ ನಕ್ಷೆಯ ಜೆರಾಕ್ಸು. ಮಡಿಸಿದ ಕಡೆಯೆಲ್ಲ ಹರಿದಿದೆ, ಹಿಂದಿನಿಂದ ಟೇಪು ಅಂಟಿಸಿದ್ದೇನೆ. ನಾನು ಮಂಡ್ಯದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವಳು. ಹಾಗಿದ್ದೂ ಈ ಎರಡು ಕಾಗದಗಳಿಗೆ ಒಂದಕ್ಕೊಂದು ನಂಟಿದೆ ಅನ್ನುವುದು ನನಗೆ ಹೊಳೆದದ್ದು ನಿವೃತ್ತಿಯಾದ ಮೇಲೆ. ಆ ನಂಟನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ರಸೀದಿ. ಏಪ್ರಿಲ್ ತಿಂಗಳೊಳಗೆ ಕಟ್ಟಿದರೆ ಶೇ 5 ರಿಯಾಯಿತಿ ಇದೆ ಎಂದು ನಿಮಗೆಲ್ಲ ಗೊತ್ತು. ಜೂನ್ ಮುಗಿಯುವ ತನಕ ದಂಡವಿಲ್ಲ, ಜುಲೈಯಿಂದ ತಿಂಗಳಿಗೆ ಶೇ 2ರಂತೆ ದಂಡ ಬೀಳುತ್ತದೆ. ಹಾಗಾಗಿ ಏಪ್ರಿಲ್ ಕೊನೆಯ ವಾರ ಕಂದಾಯದ ಕೌಂಟರಿನ ಮುಂದೆ ಸಾಲು ಉದ್ದ. ಈ ಸಲ ಆ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹಿರಿಯರೊಬ್ಬರು ರಸೀದಿ ಕೈಗೆ ಬಂದ ಕೂಡಲೇ ತಿರುಗಿ ಹೇಳಿದರು: 'ಇಷ್ಟೊಂದು ಕಟ್ಟಿಸ್ಕೊತಾರೆ ಕಣಮ್ಮ, ನಮ್ಮ ಬೀದಿ ಚರಂಡಿ ಮಾತ್ರ ಗೋರಾಕಿಲ್ಲ.'

ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ರಸೀದಿಯನ್ನು ಕೆಳಗಿನ ತನಕ ಓದಬೇಕು. ಮೇಲೆ ಆಸ್ತಿ ತೆರಿಗೆ, ಅದರ ಕೆಳಗೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ. ತೆರಿಗೆ 100 ರೂಪಾಯಿ ಆಯಿತೆನ್ನಿ, ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪರಿಹಾರಕ್ಕೆ 3. ಈ ಮೂರೇ ಸೇರಿದರೆ 24 ರೂಪಾಯಿ. ವಸೂಲಿ ಮಾಡುವುದು ನಗರಸಭೆ, ಬೈಸಿಕೊಳ್ಳುವುದೂ ನಗರಸಭೆ, ಆದರೆ ಆ ಹಣ ಚರಂಡಿಗೆ ಬರುವಂಥದ್ದಲ್ಲ. ಅದು ಬೇರೆಯವರ ಪಾಲು.

ಇನ್ನು ಬಜೆಟ್. ಫೆಬ್ರುವರಿ, ಮಾರ್ಚ್ ಬಂದರೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದೊಂದು ಊರಿನದೂ ಬರುತ್ತದೆ: ಇಂಥ ಪುರಸಭೆ ಇಷ್ಟು ಲಕ್ಷ ರೂಪಾಯಿ ಉಳಿತಾಯದ ಬಜೆಟ್ ಮಂಡಿಸಿತು, ಸದಸ್ಯರು ಮೇಜು ಕುಟ್ಟಿ ಸ್ವಾಗತಿಸಿದರು. ಉಳಿತಾಯ ಅಂದ ಕೂಡಲೇ ನಮಗೆ ಸಮಾಧಾನ. ನಾನೂ ಹಾಗೇ ಓದಿ ಪುಟ ಮಗುಚುತ್ತಿದ್ದೆ. ಆಮೇಲೊಮ್ಮೆ ಬಜೆಟ್ ಪುಸ್ತಕವನ್ನೇ ತರಿಸಿಕೊಂಡು ನೋಡಿದೆ. ಅದರಲ್ಲಿ ಕಂಬ ಸಾಲಾಗಿ ಮೂರು ಲೆಕ್ಕ ಇರುತ್ತವೆ. ಹಿಂದಿನ ವರ್ಷ ನಿಜಕ್ಕೂ ಬಂದದ್ದೆಷ್ಟು, ಈ ವರ್ಷ ಪರಿಷ್ಕರಿಸಿದ ಅಂದಾಜು ಎಷ್ಟು, ಬರುವ ವರ್ಷಕ್ಕೆ ಅಂದಾಜು ಎಷ್ಟು. ಮೊದಲನೆಯ ಕಂಬವನ್ನೂ ಮೂರನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಳಿಗೆ ಬಾಡಿಗೆಯ ಸಾಲಿನಲ್ಲಿ, ನೀರಿನ ಕಂದಾಯದ ಸಾಲಿನಲ್ಲಿ, ಬಂದದ್ದಕ್ಕೂ ಬರುತ್ತದೆ ಎಂದು ಬರೆದದ್ದಕ್ಕೂ ಎಷ್ಟು ಅಂತರ ಇದೆಯೋ, ಮುಂದಿನ ವರ್ಷ ನಿಂತುಹೋಗುವ ಕಾಮಗಾರಿಗಳೂ ಅಷ್ಟೇ. ಬರದೇ ಇರುವ ದುಡ್ಡನ್ನು ಬರುತ್ತದೆ ಎಂದು ಬರೆದರೆ ಎಂಥ ಬಜೆಟ್ಟೂ ಉಳಿತಾಯದ ಬಜೆಟ್ಟೇ.

ಬರುವ ದುಡ್ಡಿನಲ್ಲೂ ನಗರಸಭೆಯ ಕೈಗೆ ಸ್ವತಂತ್ರವಾಗಿ ಸಿಗುವುದು ಸ್ವಲ್ಪ. ಹಿಂದೆ ಊರಿನ ಬಾಗಿಲಲ್ಲೇ ಆಕ್ಟ್ರಾಯ್ ಕಟ್ಟೆ ಇತ್ತು. ಎತ್ತಿನ ಗಾಡಿ, ಲಾರಿ ನಿಲ್ಲಿಸಿ ಒಳಬರುವ ಸರಕಿಗೆ ಸುಂಕ ಪಡೆಯುತ್ತಿದ್ದರು. ನಮ್ಮ ರಾಜ್ಯದಲ್ಲಿ 1979ರಲ್ಲಿ ಅದು ಹೋಯಿತು. ಅಂದಿನಿಂದ ಊರುಗಳು ಸರ್ಕಾರದ ಅನುದಾನದ ದಾರಿ ಕಾಯಬೇಕಾಯಿತು. ಆ ಅನುದಾನಕ್ಕೂ ಹಗ್ಗ ಕಟ್ಟಿರುತ್ತದೆ. ಕೇಂದ್ರದ ಹಣ ಹೇಗೆ ಹಂಚಬೇಕೆಂದು ಹೇಳುವ 15ನೇ ಹಣಕಾಸು ಆಯೋಗ ನಮ್ಮಂಥ ಊರುಗಳಿಗೆ ಕೊಟ್ಟದ್ದರಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅದರ ಮೇಲೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ನಿಧಿ ತೆಗೆದಿಡಬೇಕು. ಅವು ಇರಬೇಕಾದ ಮೀಸಲುಗಳು, ಅವುಗಳ ಬಗ್ಗೆ ನನ್ನ ತಕರಾರಿಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಸಂಬಳ, ಬೀದಿದೀಪ ಮತ್ತು ಪಂಪುಗಳ ಕರೆಂಟ್ ಬಿಲ್ಲು ಕಳೆದ ಮೇಲೆ, 'ನಮ್ಮ ವಾರ್ಡಿಗೆ ಏನು ಮಾಡ್ತೀರಿ' ಎಂದು 35 ವಾರ್ಡುಗಳವರೂ ಕೈಚಾಚುವುದು ಬಹಳ ಚಿಕ್ಕ ಗಂಟಿಗೆ.

ಆ ಗಂಟು ದೊಡ್ಡದಾಗಲಿ ಎಂದು ಶುಲ್ಕ ಹೆಚ್ಚಿಸುವ ಮಾತು ಬಂದಾಗ ಮೊದಲು ಯಾರ ಹತ್ತಿರ ಹೋಗುತ್ತಾರೆ? ನಾನು ಹೂವು ಕೊಳ್ಳುವ ಅಮ್ಮ ಒಬ್ಬರಿದ್ದಾರೆ. ಬೆಳಿಗ್ಗೆ ಆರೂವರೆಗೆ ಮಾರುಕಟ್ಟೆ ರಸ್ತೆಯ ಅಂಚಿನಲ್ಲಿ ಒದ್ದೆ ಗೋಣಿಚೀಲ ಹಾಸಿ ಕೂರುತ್ತಾರೆ. ಕಾಕಡ, ಸೇವಂತಿಗೆ, ಒಂದು ಬಿದಿರು ಬುಟ್ಟಿಯಲ್ಲಿ ತುಳಸಿ. ಮಾರು ಹಾಕುವಾಗ ಅವರ ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಅವರು ನನಗೆ ಹೇಳಿದ್ದು: 'ಸುಂಕ ಕೊಡದು ಕಷ್ಟ ಅಲ್ಲ ಟೀಚರಮ್ಮ. ಒಂದೇ ದಿನಕ್ಕೆ ಎರಡು ಸಲ ಬತ್ತಾರೆ. ಚೀಟಿ ಕೇಳುದ್ರೆ ಕೊಡಾಕಿಲ್ಲ.' ಕೂತ ಜಾಗಕ್ಕೆ ಕೊಡುವ ಈ ಸುಂಕದ ವಸೂಲಿಯನ್ನು ಹರಾಜು ಹಾಕುತ್ತಾರೆ, ಹರಾಜು ಕೂಗಿದವರ ಕಡೆಯ ಹುಡುಗರು ಬಂದು ಕೇಳುತ್ತಾರೆ. ಚೀಟಿ ಇಲ್ಲದ ಮೇಲೆ ಅವರು ಕೊಟ್ಟದ್ದಕ್ಕೆ ಲೆಕ್ಕವೂ ಇಲ್ಲ.

ಬೀದಿಬದಿ ವ್ಯಾಪಾರಿಗಳ ಕಾಯ್ದೆ 2014ರಲ್ಲೇ ಬಂದಿದೆ. ಊರಿನ ಜನಸಂಖ್ಯೆಯ ಶೇ 2.5ರ ಮಿತಿಯೊಳಗೆ, ಸಮೀಕ್ಷೆಯಲ್ಲಿ ಗುರುತಿಸಿದ ವ್ಯಾಪಾರಿಗಳಿಗೆಲ್ಲ ಜಾಗ ಮಾಡಿಕೊಡಬೇಕು ಎನ್ನುತ್ತದೆ ಅದು. 2011ರ ಜನಗಣತಿಯಲ್ಲಿ ಮಂಡ್ಯ ನಗರದ ಜನಸಂಖ್ಯೆ 1,37,358. ಲೆಕ್ಕ ಹಾಕಿ, ಸುಮಾರು 3,400 ಮಂದಿಗೆ ಕೂರಲು ಜಾಗ. ವ್ಯಾಪಾರ ವಲಯ ಗುರುತಿಸುವ ಪಟ್ಟಣ ಸಮಿತಿಯಲ್ಲಿ ಕನಿಷ್ಠ ಶೇ 40 ಸದಸ್ಯರು ವ್ಯಾಪಾರಿಗಳೇ ಇರಬೇಕು. ಹೂವಿನಮ್ಮ ಕೇಳುತ್ತಿರುವುದು ಉಪಕಾರವನ್ನಲ್ಲ, ಹಕ್ಕನ್ನು. ದಿನಕ್ಕೆ ಹತ್ತಿಪ್ಪತ್ತು ರೂಪಾಯಿ ಕೊಡುವ ಅವರ ಸುಂಕವನ್ನು ಏರಿಸುವ ಮೊದಲು, ಯಾವುದೋ ಕಾಲದ ಬಾಡಿಗೆಗೆ ನಗರಸಭೆಯ ಮಳಿಗೆ ಹಿಡಿದು, ಅದನ್ನೇ ನಾಲ್ಕು ಪಟ್ಟಿಗೆ ಒಳಬಾಡಿಗೆ ಕೊಟ್ಟು ಮನೆಯಲ್ಲಿ ಕೂತವರ ಕಡೆ ಯಾವ ಊರಿನ ಸಭೆಯಾದರೂ ನೋಡಬೇಕು. ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ.

ಆದರೆ ಶುಲ್ಕ ಹೆಚ್ಚಾದರೆ ಬರುವ ವರ್ಷ ಇಳಿಸಬಹುದು. ಬಜೆಟ್ ತಪ್ಪಿದರೆ ಮುಂದಿನ ಮಾರ್ಚಿಗೆ ತಿದ್ದಬಹುದು. ಜಾಗದ ವಿಷಯದಲ್ಲಿ ಹಾಗಲ್ಲ. ಅದಕ್ಕೇ ನನ್ನ ಎರಡನೆಯ ಕಾಗದಕ್ಕೆ ಬರುತ್ತೇನೆ.

ಮಂಡ್ಯ ಅಂದರೆ ಗದ್ದೆ ಬಯಲಿನ ಊರು. ಕನ್ನಂಬಾಡಿ ಕಟ್ಟೆಯಿಂದ ಹುಲಿಕೆರೆಯ ಸುರಂಗ ದಾಟಿ ನಾಲೆ ಬಂದ ಮೇಲೆ ಇಲ್ಲಿ ಭತ್ತ, ಕಬ್ಬು. ಆಗ ಅದನ್ನು ಇರ್ವಿನ್ ನಾಲೆ ಅನ್ನುತ್ತಿದ್ದರು, ಈಗ ವಿ.ಸಿ. ನಾಲೆ. 1933ರಲ್ಲಿ ಮೈಷುಗರ್ ಕಂಪನಿ ಹುಟ್ಟಿತು, 1939ರಲ್ಲಿ ಮಂಡ್ಯ ಜಿಲ್ಲಾ ಕೇಂದ್ರವಾಯಿತು. ಊರು ಬೆಳೆಯಿತು, ಬೆಳೆದದ್ದೆಲ್ಲ ಗದ್ದೆಯ ಮೇಲೆ. ಗದ್ದೆ ಬಯಲಿಗೆ ನೀರು ತರುವ ಕಾಲುವೆ ಒಂದು ಕಡೆಯಾದರೆ, ಹೆಚ್ಚಾದ ನೀರನ್ನು ತೆಗೆದುಕೊಂಡು ಹೋಗುವ ಬಸಿಗಾಲುವೆ ಇನ್ನೊಂದು ಕಡೆ. ನಮ್ಮ ಮಾವನವರು ಹೇಳುತ್ತಿದ್ದರು, ನೀರು ತರುವ ಕಾಲುವೆಗೆ ಜಗಳ ಆಡುತ್ತಾರೆ, ಬಸಿಗಾಲುವೆಯನ್ನು ಯಾರೂ ಕೇಳುವುದಿಲ್ಲ ಅಂತ. ಗದ್ದೆ ಸೈಟಾದಾಗ ಮೊದಲು ಮುಚ್ಚಿಹೋಗುವುದು ಆ ಬಸಿಗಾಲುವೆಯೇ. ಅದರ ಮೇಲೆ ಮಣ್ಣು ಸುರಿದು, ಕಲ್ಲು ನೆಟ್ಟು, ನಂಬರು ಬರೆದು ಮಾರುತ್ತಾರೆ.

ಈಗ ನಮ್ಮ ಬೀದಿಗೆ ಬಂದು ನೋಡಿ. ನಾಲೆಗೆ ನೀರು ಬಿಟ್ಟ ವಾರದೊಳಗೆ ಕೆಳಗಿನ ಸಾಲಿನ ಮನೆಗಳ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ತೇವ ಏರುತ್ತದೆ. ಸುಣ್ಣ ಉಬ್ಬಿ ಹಪ್ಪಳದ ಹಾಗೆ ಏಳುತ್ತದೆ. ಸಂಪಿನಲ್ಲಿ ಕಾವೇರಿ ನೀರಿನ ಜೊತೆಗೆ ಕೆಂಪು ಬಸಿನೀರು. ಮನೆ ಕಟ್ಟಿದವರು ಸಾಲ ಮಾಡಿ ಕಟ್ಟಿದವರು. ಕೊಳ್ಳುವಾಗ ಬಸಿಗಾಲುವೆ ಎಲ್ಲಿತ್ತು ಎಂದು ಕೇಳಬೇಕು ಅನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು?

ಜಮೀನನ್ನು ಭೂಪರಿವರ್ತನೆ ಮಾಡುವುದು ಜಿಲ್ಲಾಧಿಕಾರಿಗಳ ಕಚೇರಿ. ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ. ಕೊನೆಗೆ ಚರಂಡಿ, ದೀಪ, ಒಳಚರಂಡಿ, ಕಸದ ಗಾಡಿಯ ಖರ್ಚು ಬಂದು ಬೀಳುವುದು ನಗರಸಭೆಯ ಮೇಲೆ. ನಿರ್ಧಾರ ಒಬ್ಬರದು, ಬಿಲ್ಲು ಇನ್ನೊಬ್ಬರದು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಊರಿನ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳ ಪಟ್ಟಿ ಕೊಟ್ಟಿದೆ. ಅದರ ಮೊದಲ ವಿಷಯ ನಗರ ಯೋಜನೆ, ಎರಡನೆಯದೇ ಭೂಬಳಕೆಯ ನಿಯಂತ್ರಣ. ಪಟ್ಟಿ ಬರೆದವರು ಅವನ್ನೇ ಮೇಲೆ ಇಟ್ಟರು. ನಾವು ಮನೆಮನೆ ಕಸ ಎತ್ತುವ ಕೆಲಸವನ್ನು ನಗರಸಭೆಗೆ ಪೂರ್ತಿ ಕೊಟ್ಟೆವು, ಊರು ಎತ್ತ ಬೆಳೆಯಬೇಕು ಅನ್ನುವ ಮಾತನ್ನು ಮಾತ್ರ ಬೇರೆ ಕಡೆ ಉಳಿಸಿಕೊಂಡೆವು.

ಒಂದು ಲೆಕ್ಕ ಹೇಳುತ್ತೇನೆ, ಉದಾಹರಣೆಗೆ ಅಷ್ಟೇ. ಒಂದು ಬಡಾವಣೆಯಲ್ಲಿ 60 ಮನೆ, ಮನೆಗೆ ವರ್ಷಕ್ಕೆ 3,000 ರೂಪಾಯಿ ತೆರಿಗೆ ಎಂದುಕೊಳ್ಳಿ. ವರ್ಷಕ್ಕೆ 1,80,000 ಆಯಿತು. ಬಡಾವಣೆ ಮಾಡಿದವರು ಚರಂಡಿ, ಒಳಚರಂಡಿ ಮಾಡದೆ ಹೋಗಿದ್ದರೆ ಅದಕ್ಕೆ 36 ಲಕ್ಷ ಬೇಕು ಅಂತಿಟ್ಟುಕೊಳ್ಳಿ. ಆ 60 ಮನೆಗಳ 20 ವರ್ಷದ ತೆರಿಗೆ ಅಷ್ಟಕ್ಕೇ ಮುಗಿಯಿತು. ದೀಪಕ್ಕೆ, ಕಸಕ್ಕೆ, ಪೌರಕಾರ್ಮಿಕರ ಸಂಬಳಕ್ಕೆ ಇನ್ನೆಲ್ಲಿಂದ ತರುವುದು? ಕೌಂಟರಿನ ಸಾಲಿನಲ್ಲಿ ನಿಂತಿದ್ದ ಆ ಹಿರಿಯರ ಬೀದಿಯಿಂದ. ಅವರ ಚರಂಡಿ ಗೋರದೇ ಉಳಿಯುವುದಕ್ಕೆ ಊರಾಚೆ ಹತ್ತು ವರ್ಷದ ಹಿಂದೆ ಯಾರೋ ಮುಚ್ಚಿದ ಬಸಿಗಾಲುವೆಯೂ ಒಂದು ಕಾರಣ.

2025ರಲ್ಲಿ ರಾಜ್ಯದ ಊರುಗಳಲ್ಲಿ ಅನಧಿಕೃತ ಬಡಾವಣೆಗಳ ಸ್ವತ್ತಿಗೆ ಬಿ ಖಾತೆ, ಅಂದರೆ ತೆರಿಗೆ ಕಟ್ಟಿಸಿಕೊಳ್ಳಲು ಪ್ರತ್ಯೇಕವಾಗಿ ಮಾಡುವ ಖಾತೆ, ಕೊಡುವ ಅಭಿಯಾನ ನಡೆಯಿತು. ಅದರಿಂದ ತೆರಿಗೆ ಜಾಲಕ್ಕೆ ಮನೆಗಳು ಬಂದವು, ಕೊಂಡವರಿಗೂ ಕೈಗೊಂದು ಕಾಗದ ಸಿಕ್ಕಿತು. ಒಳ್ಳೆಯದೇ. ಆದರೆ ಖಾತೆ ಆದ ಮಾತ್ರಕ್ಕೆ ಅಲ್ಲಿ ಪಾರ್ಕಿಗೆ ಜಾಗ ಹುಟ್ಟುವುದಿಲ್ಲ, ಒಂಬತ್ತು ಅಡಿಯ ಗಲ್ಲಿಯಲ್ಲಿ ಅಗ್ನಿಶಾಮಕ ವಾಹನ ತಿರುಗುವುದಿಲ್ಲ.

ನಮ್ಮದು ಅನಧಿಕೃತ ಬಡಾವಣೆಯಲ್ಲ, ಒಪ್ಪಿಗೆಯಾದ ನಕ್ಷೆಯೇ. ಇಗೋ, ಈ ಜೆರಾಕ್ಸಿನ ಈಶಾನ್ಯ ಮೂಲೆಯಲ್ಲಿ ಒಂದು ತ್ರಿಕೋನ, ಒಳಗೆ ಅಡ್ಡಗೆರೆ, ಉದ್ಯಾನ ಎಂದು ಬರೆದಿದೆ. ನಾವು ಮನೆ ಕಟ್ಟಿದ ವರ್ಷ ಅಲ್ಲಿ ಎರಡು ಹೊಂಗೆ ಸಸಿ ನೆಟ್ಟೆವು. ಬೇಸಿಗೆಯಲ್ಲಿ ಬೀದಿಯ ಮಕ್ಕಳು ಒಬ್ಬೊಬ್ಬರು ಒಂದೊಂದು ಬಿಂದಿಗೆ ಹೊತ್ತು ಅವನ್ನು ಉಳಿಸಿಕೊಂಡರು. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಲ್ಲಿ ಸೈಜುಗಲ್ಲು ಇಳಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ತಗಡಿನ ಶೆಡ್ಡು ಎದ್ದಿತ್ತು. ವಿಚಾರಿಸಲು ಹೋದರೆ ಒಂದು ಕಚೇರಿಯವರು, ಬಡಾವಣೆ ಇನ್ನೂ ನಗರಸಭೆಗೆ ಹಸ್ತಾಂತರ ಆಗಿಲ್ಲ, ನಮಗೆ ಬರುವುದಿಲ್ಲ ಅಂದರು. ಇನ್ನೊಂದು ಕಚೇರಿಯವರು, ನಾವು ನಕ್ಷೆಗೆ ಒಪ್ಪಿಗೆ ಕೊಟ್ಟದ್ದಷ್ಟೇ, ಕಾಯುವುದು ನಮ್ಮ ಕೆಲಸ ಅಲ್ಲ ಅಂದರು. ಮೂರು ವರ್ಷದಿಂದ ಆ ಎರಡು ಮೆಟ್ಟಿಲುಗಳ ನಡುವೆ ಓಡಾಡುತ್ತಿದ್ದೇವೆ. ಒಂದು ಹೊಂಗೆ ಶೆಡ್ಡಿನೊಳಗೆ ಸಿಕ್ಕಿ ಒಣಗಿತು. ಇನ್ನೊಂದು ಹೊರಗಿದೆ, ಈ ಚೈತ್ರದಲ್ಲೂ ಚಿಗುರಿದೆ.

ಕಾನೂನು ಇಲ್ಲ ಅನ್ನುವ ಹಾಗಿಲ್ಲ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಕಾಪಾಡುವ ಕರ್ನಾಟಕದ ಕಾಯ್ದೆ 1985ರದ್ದು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿನ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿಯ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಆಸ್ಪತ್ರೆಯಂಥ ಆಸ್ಪತ್ರೆಗೇ ಪಾರ್ಕು ಸಿಗಲಿಲ್ಲ ಅಂದ ಮೇಲೆ ತಗಡಿನ ಶೆಡ್ಡಿಗೆ ಹೇಗೆ ಸಿಗುತ್ತದೆ? ಪಕ್ಕದ ಮೈಸೂರನ್ನೇ ನೋಡಿ. ಅಲ್ಲಿ ನಗರ ಸುಧಾರಣೆಗೆಂದೇ 1903ರಲ್ಲಿ ಟ್ರಸ್ಟ್ ಬೋರ್ಡು ಮಾಡಿದರು. ಆ ಕಾಲದ ಅಗಲ ರಸ್ತೆ, ಚೌಕ, ಉದ್ಯಾನಗಳ ನೆರಳಲ್ಲಿ ಮೈಸೂರಿನವರು ಇವತ್ತಿಗೂ ನಡೆಯುತ್ತಿದ್ದಾರೆ. ಆ ಜಾಗಗಳನ್ನು ಬಿಟ್ಟವರ ಬಜೆಟ್ಟಿನಲ್ಲಿ ಎಷ್ಟು ಉಳಿತಾಯ ಇತ್ತೆಂದು ಈಗ ಯಾರೂ ಕೇಳುವುದಿಲ್ಲ.

ಬಜೆಟ್ಟಿಗೆ ಮೊದಲು ಪೂರ್ವಭಾವಿ ಸಭೆ ಕರೆಯುತ್ತಾರೆ, ಸಾರ್ವಜನಿಕರೂ ಹೋಗಿ ಮಾತಾಡಬಹುದು. ಹಿಂದಿನ ಸಭೆಯಲ್ಲಿ ಕುರ್ಚಿಗಳು ಅರ್ಧ ಖಾಲಿ ಇದ್ದವು. ಭೂಬಳಕೆ ಬದಲಾಯಿಸುವಾಗಲೂ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ಸಣ್ಣಕ್ಷರದಲ್ಲಿ, ಸರ್ವೆ ನಂಬರಿನ ಸಮೇತ ಬರುತ್ತದೆ. ನಾನೀಗ ಆ ಪ್ರಕಟಣೆಗಳನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತೇನೆ. ಸರ್ವೆ ನಂಬರು ಹಿಡಿದು ಹೋಗಿ ಜಾಗ ನೋಡಿ ಬರುತ್ತೇನೆ. ಎರಡು ಕಡೆ ಬಸಿಗಾಲುವೆ ಇನ್ನೂ ತೆರೆದೇ ಇದೆ, ಅದರ ಫೋಟೊ ತೆಗೆದಿಟ್ಟಿದ್ದೇನೆ.

ಈ ಸಲದ ಸಭೆಗೆ ನಮ್ಮ ಬೀದಿಯಿಂದ ಹನ್ನೊಂದು ಮಂದಿ ಹೋಗುತ್ತೇವೆ. ಹಸ್ತಾಂತರ ಆಗದ ಬಡಾವಣೆಗಳು ಎಷ್ಟು, ಅವುಗಳಲ್ಲಿ ನಕ್ಷೆಯ ಪ್ರಕಾರ ಪಾರ್ಕಿನ ಜಾಗ ಎಷ್ಟು, ಅದಕ್ಕೆ ಬೇಲಿ ಹಾಕಲು ಬಜೆಟ್ಟಿನಲ್ಲಿ ಒಂದು ಸಾಲು ಇಡುತ್ತೀರಾ ಎಂದು ಕೇಳುವುದು. ಹೂವಿನಮ್ಮನೂ ಬರುತ್ತೇನೆ ಅಂದಿದ್ದಾರೆ. ನೋಟ್‌ಬುಕ್ಕಿಗೆ ಅಂಟಿಸುವ ನನ್ನ ಕೆಲಸ ನೋಡಿ ಅವರೂ ಸುಂಕದ ಚೀಟಿ ಕೇಳಿ ಪಡೆಯಲು ಶುರುಮಾಡಿದ್ದಾರೆ. ಸಿಕ್ಕ ದಿನದ ಚೀಟಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಬುಟ್ಟಿಯ ತಳದಲ್ಲಿ ಇಟ್ಟಿದ್ದಾರೆ, ಸಿಗದ ದಿನಗಳಿಗೆ ಮೊಮ್ಮಗಳ ಕೈಲಿ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಸಿದ್ದಾರೆ. ಆ ಕ್ಯಾಲೆಂಡರನ್ನು ಸುರುಳಿ ಸುತ್ತಿ ತರುತ್ತಾರಂತೆ.

ನಮಸ್ಕಾರ.